ಮಾಮೆ ಬಿರಾಗೊ ಮತ್ತು ವೈರಿನ ತೂತು

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಡಿಗಳಿಗೆ ಬಣ್ಣ ಹೊಡೆಯುವವನು. ಥಿನ್ನರಿನ ಗಾಳಿ ಕುಡಿದು ಕುಡಿದು ನನ್ನ ಮೂಗು ಎಂದೋ ಸತ್ತಿದೆ. ಸತ್ತ ಮೂಗಿನವನು ಮೂಗಿನ ಕಥೆ ಹೇಳುವುದೇ ಎಂದು ಯಾರಾದರೂ ಕೇಳಬಹುದು. ಆದರೆ ನನ್ನ ಶೆಡ್ಡಿನ ಎದುರಿಗೇ ಮಾಮೆ ಬಿರಾಗೊಳ, ಅಂದರೆ ಬಿರಾಗೊ ಅಮ್ಮನ, ಶೆಡ್ಡು. ನಡುವೆ ಒಂದು ಬೇವಿನ ಮರ, ತುಕ್ಕು ಹಿಡಿದ ಬಸ್ಸಿನ ಅಸ್ಥಿಪಂಜರ, ಅಷ್ಟೆ. ಬೆಳಗಿನಿಂದ ಸಂಜೆಯವರೆಗೆ ಅವಳ ಮುಖ ನಾನು ನೋಡಬೇಕು, ನನ್ನ ಮುಖ ಅವಳು ನೋಡಬೇಕು. ಕಣ್ಣು ಕಿವಿ ನೆಟ್ಟಗಿದ್ದವನಿಗೆ ಅಷ್ಟು ಸಾಕು.

ಕುಮಾಸಿಯ ಸುವಾಮೆ ಮ್ಯಾಗಜೀನ್ ಎಂಬ ಗ್ಯಾರೇಜುಗಳ ಪೇಟೆಯಲ್ಲಿ ಗಾಡಿಯ ಹೊಟ್ಟೆ ಬಗೆಯದ ಬೀದಿಯಿಲ್ಲ. ನಮ್ಮ ಸಾಲಿನವರ ಕಸುಬು ಬಲವನ್ನು ಎಡ ಮಾಡುವುದು. ಜಪಾನಿನಿಂದ ಬರುವ ಹಳೇ ವ್ಯಾನುಗಳಿಗೆ ಸ್ಟೇರಿಂಗು ಬಲಗಡೆ ಇರುತ್ತದೆ. ಘಾನಾದಲ್ಲಿ ಅದು ಎಡಗಡೆ ಇರದಿದ್ದರೆ ಗಾಡಿಗೆ ನಂಬರೇ ಸಿಗುವುದಿಲ್ಲ. ಹಾಗಾಗಿ ಸ್ಟೇರಿಂಗು, ಪೆಡಲು, ಡ್ಯಾಶ್‌ಬೋರ್ಡು, ವೈರಿಂಗು ಎಲ್ಲವನ್ನೂ ಕಿತ್ತು ಈಚೆಗೆ ತಂದು ಕೂರಿಸುತ್ತಾರೆ. ಎಂಜಿನ್ನಿಗೂ ಡ್ರೈವರಿನ ಕಾಲಿಗೂ ನಡುವೆ ಒಂದು ತಗಡಿನ ಗೋಡೆ ಇರುತ್ತದಲ್ಲ, ಅದಕ್ಕೆ ಹೊಸದಾಗಿ ತೂತು ಕೊರೆಯಲೇಬೇಕು. ಮಣಿಕಟ್ಟಿನಷ್ಟು ದಪ್ಪನೆಯ ವೈರಿನ ಕಟ್ಟು ಆ ತೂತಿನೊಳಗಿಂದ ಹಾದು ಬರುತ್ತದೆ. ಕಾರ್ಖಾನೆಯಲ್ಲಿ ಮಾಡಿದ ತೂತಿಗಾದರೆ ಅಳತೆಗೆ ಸರಿಯಾದ ರಬ್ಬರು ಇರುತ್ತದೆ. ನಮ್ಮವರು ಕೊರೆದ ತೂತಿಗೆ ಅಳತೆಯೂ ಇಲ್ಲ, ಆಕಾರವೂ ಇಲ್ಲ, ದೇವರೇ ಗತಿ. ಅದನ್ನು ಹಾಗೇ ಬಿಟ್ಟರೆ ಎಂಜಿನ್ನಿನ ಬಿಸಿ, ಗಲಾಟೆ, ಮಳೆನೀರು ಎಲ್ಲ ಒಳಗೆ ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಹೊಗೆ. ಕಿಟಕಿ ಮುಚ್ಚಿಕೊಂಡು ತೂಕಡಿಸಿದವರು ಮತ್ತೆ ಏಳದೆಯೂ ಇರಬಹುದು.

ಆ ತೂತು ಮುಚ್ಚುವುದು ಬಿರಾಗೊಳ ಕೆಲಸ. ಬೇರೆ ಯಾವ ಕೆಲಸಕ್ಕೂ ಅವಳು ಕೈ ಹಾಕಿದವಳಲ್ಲ. ಹಿಂದೆ ಇದೇ ಮರದ ಕೆಳಗೆ ಹಳೇ ಟ್ಯೂಬುಗಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಮೂಟೆ ಕಟ್ಟುವುದಕ್ಕೆ ಅಂತ ಮಾರುತ್ತಿದ್ದಳು. ಒಂದು ದಿನ ಒಬ್ಬ ಫಿಟ್ಟರು ತೂತಿಗೆ ತುರುಕಲು ಟ್ಯೂಬಿನ ತುಂಡು ಕೇಳಿದ. ಕೊಟ್ಟಳು. ಅವನು ತುರುಕಿದ್ದನ್ನು ಬಗ್ಗಿ ನೋಡಿದಳು. ಇದೇನು, ಬಾಟಲಿಗೆ ಬಿರಡೆ ಹಾಕಿದ ಹಾಗೆ ಹಾಕಿದ್ದೀಯಲ್ಲ ಎಂದು ಬೈದು, ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಆಮೇಲೆ ಎದ್ದೇ ಇಲ್ಲ ಅನ್ನಬಹುದು.

ಅವಳ ಕೆಲಸ ನೋಡಲು ಸುಲಭ. ಟ್ಯೂಬಿನಿಂದ ಎರಡು ಬಿಲ್ಲೆ ಕತ್ತರಿಸುತ್ತಾಳೆ, ತೂತಿಗಿಂತ ದೊಡ್ಡವು. ನಡುವೆ ವೈರಿನ ಕಟ್ಟಿಗಿಂತ ಚಿಕ್ಕದಾದ ಕಂಡಿ. ಬಿಲ್ಲೆಯನ್ನು ಒಂದು ಕಡೆ ಸೀಳಿ ಕಟ್ಟಿಗೆ ತೊಡಿಸುತ್ತಾಳೆ. ಗೋಡೆಯ ಆಚೆಗೊಂದು, ಈಚೆಗೊಂದು, ಸೀಳಿದ ಬಾಯಿ ಒಂದರದು ಮೇಲಕ್ಕೆ ಇನ್ನೊಂದರದು ಕೆಳಕ್ಕೆ. ನಡುವೆ ಕರಿ ಅಂಟು. ತೂತಿನ ಅಂಚನ್ನು ಮೊದಲು ಅರ ಹಾಕಿ ಉಜ್ಜುತ್ತಾಳೆ, ಇಲ್ಲದಿದ್ದರೆ ತಗಡು ವೈರನ್ನು ಕೊಯ್ದುಬಿಡುತ್ತದೆ. ಇಷ್ಟನ್ನು ಸಾಲಿನಲ್ಲಿ ಯಾರು ಬೇಕಾದರೂ ಮಾಡಿಯಾರು. ಆದರೂ ಡ್ರೈವರುಗಳು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದುದಕ್ಕೆ ಕಾರಣ ಅವಳ ಪರೀಕ್ಷೆ.

ಮೊಮೊನೆ ಅಂದರೆ ಉಪ್ಪು ಹಾಕಿ ಕೊಳೆಸಿ ಒಣಗಿಸಿದ ಮೀನು. ಸಾರಿಗೆ ಒಂದು ಚೂರು ಹಾಕಿದರೆ ಮೂರು ಮನೆಯಾಚೆ ಗೊತ್ತಾಗುತ್ತದೆ. ಬಿರಾಗೊ ಬ್ಯಾಟರಿ ತೆಗೆದ ಜಾಗದಲ್ಲಿ ಕೆಂಡದ ಡಬ್ಬಿ ಇಟ್ಟು, ಅದರ ಮೇಲೆ ಅಂಗೈಯಗಲದ ಮೊಮೊನೆ ಹಾಕಿ ಬಾನೆಟ್ಟು ಮುಚ್ಚುವಳು. ತಾನು ಒಳಗೆ ಕೂತು ಕಿಟಕಿ ಏರಿಸುವಳು. ಮೀನು ಸುಟ್ಟು ಕರಕಲಾಗುವವರೆಗೆ ಅಲ್ಲಾಡುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಅವಳ ಮೂಗು ಹಿಡಿಯುತ್ತಿತ್ತು. ಹೊರಗೆ ನಾವೆಲ್ಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಶಾಪ ಹಾಕುತ್ತಿದ್ದೆವು. ನಾನು ಮಾತ್ರ ಜೊತೆಗಿರಲಿ ಅಂತ ಹಾಕುತ್ತಿದ್ದೆ.

ಅವಳ ಗಂಡ ಅಜೆಕುಮ್ ಬಿಟ್ಟು ಹೋದದ್ದು ಈ ಮೀನಿನ ದೆಸೆಯಿಂದಲೇ. ಹಾಗಂತ ಅವನು ಹೇಳುತ್ತಾನೆ. ಅವನ ಗೊರಕೆ ತಡೆಯಲಾಗದೆ ಮದುವೆಗೆ ಅವನ ಕಡೆಯವರು ಕೊಟ್ಟಿದ್ದ ಹೆಂಡವನ್ನು ವಾಪಸು ಕಳಿಸಿ ಸಂಬಂಧ ಕಡಿದದ್ದು ತಾನೇ ಅಂತ ಅವಳು ಹೇಳುತ್ತಾಳೆ. ಎರಡೂ ನಿಜ ಇರಬೇಕು. ಅವನು ದೂರವೇನೂ ಹೋಗಲಿಲ್ಲ, ಇದೇ ಸಾಲಿನ ತುದಿಯಲ್ಲಿ ಹಳೇ ಹಾರ್ನುಗಳ ಅಂಗಡಿ ಇಟ್ಟ. ದಿನವಿಡೀ ಹಾರ್ನು ಒತ್ತಿ ಒತ್ತಿ ಅವನ ಕಿವಿ ಅರ್ಧ ಹೋಗಿದೆ. ಮಾತಾಡಿದರೆ ಇಡೀ ಸಾಲಿಗೆ ಡಂಗುರ ಹೊಡೆದಂತೆ. ನಮ್ಮಲ್ಲಿ ಹೊಲಸು ವಿಷಯ ಬಾಯಿಗೆ ಬರುವ ಮುಂಚೆ 'ಸೆಬೆ' ಅಂತ ಕ್ಷಮೆ ಕೇಳಿ ಆಮೇಲೆ ಮಾತಾಡಬೇಕು, ಹಿರಿಯರ ಎದುರಿಗಂತೂ ಕೇಳುವುದೇ ಬೇಡ. ಅಜೆಕುಮ್‌ಗೆ ಆ ಪದವೇ ಗೊತ್ತಿಲ್ಲ. ಬಿರಾಗೊ ಅವನ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಬಂತು ನೋಡ್ರಪ್ಪ ಮೀನಿನ ಬುಟ್ಟಿ, ಅಂತ ಕೂಗುತ್ತಿದ್ದ. ಅವಳು ತಲೆಯೆತ್ತಿ ಹೋಗುತ್ತಿದ್ದಳು, ಅಥವಾ ಕಲ್ಲು ಹುಡುಕುತ್ತಿದ್ದಳು. ಅವತ್ತಿನ ಮನಸ್ಸು ಹೇಗಿರುತ್ತಿತ್ತೋ ಹಾಗೆ.

ಕಳೆದ ಹರ್ಮಟಾನ್ ಧೂಳುಗಾಳಿಯಲ್ಲಿ ಅವಳಿಗೆ ಜ್ವರ ಬಂತು. ವಾರ ಮಲಗಿ ಎದ್ದು ಬಂದಳು, ಸ್ವಲ್ಪ ಇಳಿದಿದ್ದಳು, ಬಾಯಿ ಮಾತ್ರ ಇಳಿದಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೆಂಕೆ ಅನ್ನುವ ಮೆಕ್ಕೆಜೋಳದ ಕಡುಬು ಮಾರುವ ಪೋಕುವಾಳ ಪಾತ್ರೆ ತಳ ಹತ್ತಿತು. ಸಾಲಿನ ಜನ ಎಲ್ಲ ಮೂಗು ಹಿಡಿದು ಎದ್ದರು. ಬಿರಾಗೊ ಅದೇ ಪಾತ್ರೆಗೆ ಬೆನ್ನು ಹಾಕಿ ಕೂತು ಟ್ಯೂಬು ಕತ್ತರಿಸುತ್ತಲೇ ಇದ್ದಳು. ಜನ ಯಾಕೆ ಓಡುತ್ತಿದ್ದಾರೆ ಅಂತ ನನ್ನನ್ನು ಕೇಳಿದಳು. ಕೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಕತ್ತರಿ ಕೆಳಗಿಟ್ಟು ನನ್ನ ಶೆಡ್ಡಿನೊಳಗೆ ಬಂದು, ಯಾರಿಗೂ ಹೇಳಕೂಡದು ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿದಳು. ಅವಳ ಅನ್ನ ಇದ್ದದ್ದೇ ಆ ಮೂಗಿನಲ್ಲಿ.

ಮೂಗು ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದಳು. ಶುಂಠಿ ಅರೆದು ಮೂಸಿದಳು, ಮೆಣಸಿನ ಹಬೆ ಹಿಡಿದಳು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಕಸುಬು ನಿಲ್ಲಿಸಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ. ಅದಕ್ಕೆ ಕೈಗೆ ಅಭ್ಯಾಸವಿದೆ, ಕೈ ತಪ್ಪುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕೆಲಸ ಮಾಡಿದಳು. ಮೀನು ಸುಟ್ಟಳು, ಒಳಗೆ ಕೂತಳು, ಹೊರಗೆ ಬಂದು ತಲೆಯಾಡಿಸಿದಳು. ಜನ ನಂಬಿದರು. ನನಗೆ ಸರಿಬರಲಿಲ್ಲ, ಆದರೆ ಆಣೆ ಹಾಕಿದ ಬಾಯಿ.

ಹಾಗೆ ಹೋದ ಗಾಡಿಗಳಲ್ಲಿ ಅಟ್ಟಕೋರನ ವ್ಯಾನು ಒಂದು. ಟೊಮೇಟೊ ತರಲು ಹೋಗುವ ಹೆಂಗಸರನ್ನು ಟೆಚಿಮಾನ್ ಸಂತೆಗೆ ಕರೆದೊಯ್ಯುತ್ತಾನೆ. ಒಳ್ಳೆಯ ಮನುಷ್ಯ, ತನ್ನ ಗಾಡಿಯನ್ನು ದಿನಾ ಒರೆಸುವವರ ಜಾತಿ. ಅವನು ಹೋದ ಮೇಲೆ ಒಂದು ವಾರಕ್ಕೆ ಮರಳಿ ಬಂದ. ಒಫಿನ್ಸೊ ಊರು ದಾಟುವ ಹೊತ್ತಿಗೆ ಹೆಂಗಸರು ವಾಂತಿ ಮಾಡಿದರಂತೆ, ಮುಂದಿನ ಸೀಟಿನಲ್ಲಿದ್ದ ಬಸುರಿಯೊಬ್ಬಳು ಎಚ್ಚರ ತಪ್ಪಿ ಅವನ ತೋಳಿನ ಮೇಲೆ ಬಿದ್ದಳಂತೆ. ಗಾಡಿ ನಿಲ್ಲಿಸಿ ಬಾಗಿಲು ತೆರೆದ ಮೇಲೆ ಚೇತರಿಸಿಕೊಂಡಳು. ಅವರು ದಾರಿಯಲ್ಲಿ ತಿಂದ ಮೊಟ್ಟೆ ಕೆಟ್ಟಿರಬೇಕು ಎಂದು ಅಟ್ಟಕೋರ ಹೇಳಿದ. ನಿಮ್ಮ ಕೆಲಸದ ಮೇಲೆ ಅನುಮಾನವಿಲ್ಲ ಅಮ್ಮಾ, ನನಗೂ ತಲೆನೋವು ಬಂದಿತ್ತು, ಸುಮ್ಮನೆ ಒಮ್ಮೆ ನೋಡಿಬಿಡಿ, ಅಂದ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಿತವಾಗಿರುತ್ತಿತ್ತು. ಗಾಡಿ ಬಿಟ್ಟು ಊಟಕ್ಕೆ ಹೋದ.

ಬಿರಾಗೊ ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ಮಾಡಿದಳು. ಕೆಂಡ ಇಟ್ಟು, ಮೀನು ಹಾಕಿ, ಪೋಕುವಾಳನ್ನು ಕರೆದಳು. ನನಗೆ ನೆಗಡಿ, ಒಂದು ಗಳಿಗೆ ಒಳಗೆ ಕೂತು ವಾಸನೆ ಬರುತ್ತಾ ಹೇಳು ತಂಗಿ, ಅಂದಳು. ಪೋಕುವಾ ಕೂತಳು. ಸ್ವಲ್ಪ ಹೊತ್ತಿಗೆ ಕಣ್ಣು ಒರೆಸಿಕೊಂಡು ಇಳಿದು, ಏನೂ ಇಲ್ಲ ಅಕ್ಕ, ಹೂವಿನ ಹಾಗಿದೆ, ಅಂದಳು. ವ್ಯಾನಿನ ಹಿಂದೆ ಹೋಗಿ ಮುಂಗೈಯಿಂದ ಮೂಗು ಒತ್ತಿಕೊಂಡು ಉಗುಳಿದ್ದು ನನಗೆ ಕಾಣುತ್ತಿತ್ತು. ನಾನು ಹೋಗಿ ಗದರಿಸಿದೆ. ಅವಳಿಗೇ ಸಿಟ್ಟು ಬಂತು.

"ದೊಡ್ಡೋರ ಮುಖಕ್ಕೆ ನಿಮ್ ಕೆಲಸ ನಾರ್ತದೆ ಅಂತ ಹೇಳಕ್ಕೆ ಆಗತ್ತಾ? ನನ್ನ ತಾಯಿ ನನಗೆ ಅಷ್ಟೂ ಕಲಿಸಿಲ್ವಾ?"

ಟೈರಿನ ಅಂಗಡಿಯವನನ್ನು ಕೂರಿಸಿದೆವು. ಅವನೂ ಕೆಮ್ಮುತ್ತಾ ಇಳಿದು, ಬಹಳ ಚೆನ್ನಾಗಿದೆ ಅಮ್ಮಾ, ಅಂದ. ಸೀಟು ಹೊಲಿಯುವವನೂ ಅಷ್ಟೆ. ಸಾಲಿನ ಸಾಲೇ ಸುಸಂಸ್ಕೃತ. ಈ ಮರ್ಯಾದೆಗೆ ಬೆಂಕಿ ಬೀಳಲಿ! ಒಬ್ಬ ಬಸುರಿ ಹೆಂಗಸು ಸತ್ತು ಬೀಳುವ ಹಾಗಾದರೂ ನಮ್ಮವರಿಗೆ ಹಿರಿಯರಿಗೆ ನೋವಾಗಬಾರದು. ಬಿರಾಗೊ ಬಂಪರಿನ ಮೇಲೆ ಕೂತು ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು.

"ಬಣ್ಣದೋನೆ, ನನಗೆ ಮರ್ಯಾದೆ ಇಲ್ಲದ ಮೂಗು ಬೇಕು ಕಣೋ," ಅಂದಳು.

ನಾವಿಬ್ಬರೂ ಒಟ್ಟಿಗೇ ಸಾಲಿನ ತುದಿಗೆ ನೋಡಿದೆವು. ಅಲ್ಲಿ ಹಾರ್ನು ಕೂಗುತ್ತಿತ್ತು.

ಅಜೆಕುಮ್‌ಗೆ ಗೊತ್ತಾಗುವುದೆಂದರೆ ಕುಮಾಸಿಗೇ ಗೊತ್ತಾಗುವುದು. ಗಂಟಲು ತಗ್ಗಿಸುವ ಅಭ್ಯಾಸ ಅವನಿಗಿಲ್ಲ. ಅದು ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ಟ್ಯೂಬಿನ ಚೂರನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಆಮೇಲೆ, ಹೋಗಿ ಕರಕೊಂಡು ಬಾ, ಅಂದಳು. ಬಿಟ್ಟ ಹೆಂಡತಿ ತಾನೇ ಹೋಗಿ ಕರೆಯುವಂತಿಲ್ಲ, ನಡುವೆ ಮಾತಾಡುವವನೊಬ್ಬ ಬೇಕು, ಅವನ ಕೈ ಬರಿದಾಗಿರಬಾರದು. ನಾನು ಒಂದು ಜಿನ್ನಿನ ಬಾಟಲಿ ತೆಗೆದುಕೊಂಡು ಹೋದೆ. ಬಿರಾಗೊ ಒಂದು ವ್ಯಾನಿನಲ್ಲಿ ಕೂರಲು ಕೇಳುತ್ತಿದ್ದಾಳೆ ಅಂದೆ, ಅಷ್ಟೆ. ಬಾಟಲಿ ನೋಡಿದ, ನನ್ನ ಮುಖ ನೋಡಿದ. ಹಾರ್ನು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡ. ಯಾಕೆ ಅಂತ ಕೇಳಲಿಲ್ಲ, ಅದೇ ನನಗೆ ಆಶ್ಚರ್ಯ.

ವ್ಯಾನು ಹತ್ತಿ ಬಾಗಿಲು ಹಾಕಿಕೊಂಡವನು ನಾವು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೊರಗಿದ್ದ.

"ಥೂ! ಸತ್ತ ಕಪ್ಪೆ ಒಳಗೆ ಮನೆ ಮಾಡ್ಕೊಂಡಿದೆ! ಏನ್ ಮುಚ್ಚಿದ್ಯೇ ನೀನು, ಬಾಗಿಲಾ?"

ಬಿರಾಗೊಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಬೈಸಿಕೊಂಡು ಅಷ್ಟು ಖುಷಿಪಟ್ಟ ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲಿಂದ ಬರುತ್ತಿದೆ, ಎಡಗಡೆಯಿಂದಲೋ ಬಲಗಡೆಯಿಂದಲೋ ಅಂತ ಕೇಳಿದಳು. ಅವನು ಮತ್ತೆ ಹತ್ತಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಮೂಸಿ, ಬಿಲ್ಲೆಯ ಸುತ್ತ ಏನೂ ಇಲ್ಲ, ವೈರುಗಳ ಒಳಗಿಂದಲೇ ಬರುತ್ತಿದೆ ಅಂದ. ಅವಳು ಹಣೆ ಚಚ್ಚಿಕೊಂಡಳು. ಕಟ್ಟಿನ ಹೊರಗೆ ಬಿಗಿಯಾಗಿ ಮುಚ್ಚಿದ್ದಳು ಸರಿ, ಆದರೆ ಟೇಪು ಸುತ್ತಿದ ಕಟ್ಟಿನ ಒಳಗೆ ವೈರಿಗೂ ವೈರಿಗೂ ನಡುವೆ ಸಂದು ಇರುತ್ತದೆ. ಹೊಗೆಗೆ ಅದು ಕೊಳವೆ ಇದ್ದ ಹಾಗೆ. ಮೂಗಿದ್ದಾಗ ಅದು ಅವಳಿಗೆ ಯಾವತ್ತೂ ತಪ್ಪುತ್ತಿರಲಿಲ್ಲ. ಟೇಪು ಬಿಚ್ಚಿ, ವೈರುಗಳನ್ನು ಬೆರಳಿನಂತೆ ಬಿಡಿಸಿ, ಒಂದೊಂದಕ್ಕೂ ಅಂಟು ಬಳಿದು, ಮತ್ತೆ ಕೂಡಿಸಿ ಬಿಗಿದಳು.

ಇನ್ನೊಂದು ಮೀನು. ಅವನು ಮತ್ತೆ ಕೂತ, ಮತ್ತೆ ಇಳಿದ, ಮತ್ತೆ ಬೈದ. ಈಗ ಕಡಿಮೆ, ಆದರೆ ಇದೆ. ಅವಳು ಮತ್ತೆ ಬಾನೆಟ್ಟಿಗೆ ಬಗ್ಗಿದಳು. ಕೆಂಡದ ಡಬ್ಬಿಯನ್ನು ಆಚೆಗೆ ಎತ್ತಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮೀನಿನ ಹೊಗೆ ನೇರವಾಗಿ ಅವಳ ಮುಖಕ್ಕೆ ಹೊಡೆಯುತ್ತಿತ್ತು, ಅವಳು ಹುಬ್ಬು ಕೂಡ ಗಂಟಿಕ್ಕದೆ ಕೆಲಸ ಮಾಡುತ್ತಿದ್ದಳು. ಅಜೆಕುಮ್ ಬಂಪರಿನ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ. ಮುಗಿಯಿತು, ಇನ್ನು ಕೂಗುತ್ತಾನೆ ಎಂದುಕೊಂಡೆ. ಅವನು ಹತ್ತಿರ ಹೋಗಿ ಬಗ್ಗಿದ. ಅವನಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಯಾವಾಗಿಂದ?"

"ಜ್ವರ ಬಂದಾಗಿಂದ," ಅಂದಳು, ತಲೆ ಎತ್ತದೆ.

ಅವನು ಕೆಂಡದ ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು ಪಕ್ಕಕ್ಕಿಟ್ಟ. ಅವಳು ಕೇಳಿದ್ದನ್ನು ಕೇಳಿದ ಹಾಗೆ ಎತ್ತಿಕೊಡುತ್ತಾ ಅಲ್ಲೇ ನಿಂತ. ಆ ಬಸುರಿ ಎಚ್ಚರ ತಪ್ಪಿ ಬಿದ್ದದ್ದನ್ನೂ ಅವಳೇ ಅವನಿಗೆ ಹೇಳಿದಳು. ಅಂಗಡಿಯಲ್ಲಿ ಗಿರಾಕಿಯೊಬ್ಬ ಕಾಯುತ್ತಿದ್ದ, ಅತ್ತ ತಿರುಗಿಯೂ ನೋಡಲಿಲ್ಲ.

ಮೂರನೆಯ ಮೀನು ಕರಕಲಾಗುವವರೆಗೆ ಅವನು ಒಳಗಿದ್ದ. ಕಿಟಕಿಯ ಗಾಜಿನೊಳಗೆ ಅವನ ಮುಖ ಬೆವರಿ ಎಣ್ಣೆ ಹಚ್ಚಿದಂತಾಗಿತ್ತು. ಇಳಿದು ಬಂದು, ಇಲ್ಲ, ಅಂದ. ಅಷ್ಟೇ ಅಂದ. ಬಿರಾಗೊ ಅವನ ಮುಖವನ್ನೇ ದಿಟ್ಟಿಸಿದಳು. ನನಗೆ ಅವಳ ಭಯ ಅರ್ಥವಾಯಿತು. ಈ ಮನುಷ್ಯನಿಗೂ ಈಗ ಕನಿಕರ ಹುಟ್ಟಿ, ಪೋಕುವಾಳ ಹಾಗೆ ಮರ್ಯಾದೆ ಮಾಡುತ್ತಿದ್ದಾನೋ ಏನೋ. ಹಾಗಾದರೆ ಇದ್ದೊಂದು ಮೂಗೂ ಹೋಯಿತು. ಕೇಳಿಯೇಬಿಟ್ಟಳು.

"ನನ್ನ ಮೇಲೆ ಅಯ್ಯೋ ಪಾಪ ಅಂತ ಹೇಳ್ತಿಲ್ಲ ತಾನೆ?"

"ನಿನ್ನ ಮೇಲಾ? ಆ ಬಸುರಿ ಹುಡುಗಿ ಮೇಲೆ ಪಾಪ ಅನ್ಸತ್ತೆ. ನಿನ್ನ ಮೇಲೆ ಯಾಕೆ ಅನ್ಸಬೇಕು?"

ಆ ಹೊತ್ತಿಗೆ ಅಟ್ಟಕೋರ ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. ಅವನ ಹಿಂದೆ ನಮ್ಮ ಸಾಲಿನ ಕೆಲವರು, ಪೋಕುವಾ, ಟೈರಿನವನು. ಮೂರು ಮೀನು ಸುಟ್ಟರೆ ಜನ ಸೇರದೆ ಇರುತ್ತಾರೆಯೇ. ಅಟ್ಟಕೋರ ಗಾಡಿಯ ಒಳಗೆ ಬಗ್ಗಿ ನೋಡಿ, ಬೇರೇನೂ ಮನಸ್ಸಿನಲ್ಲಿಲ್ಲದೆ, ನೀವೇ ಮೂಸಿ ನೋಡಿದಿರಲ್ಲವೇ ಅಮ್ಮಾ, ಅಂತ ಕೇಳಿದ. ಡ್ರೈವರುಗಳೆಲ್ಲ ಕೇಳುವ ಮಾತೇ ಅದು. ಹೂಂ ಅಂದಿದ್ದರೆ ಮುಗಿದಿತ್ತು. ತೂತು ಮುಚ್ಚಿತ್ತು, ಗುಟ್ಟು ನಮ್ಮ ಮೂವರಲ್ಲೇ ಇತ್ತು, ಅಜೆಕುಮ್ ಕೂಡ ಬಾಯಿ ಬಿಡುವಂತೆ ಕಾಣಲಿಲ್ಲ. ನಾನು ಮನಸ್ಸಿನಲ್ಲೇ ಹೂಂ ಅನ್ನು ತಾಯಿ, ಹೂಂ ಅನ್ನು ಅಂತ ಬೇಡಿಕೊಂಡೆ.

"ಇಲ್ಲಪ್ಪ. ನನ್ನ ಮೂಗು ಸತ್ತು ಬಹಳ ದಿನ ಆಯ್ತು. ಹೋದ್ಸಲ ಮೂಸಿದ ಹಾಗೆ ನಾಟಕ ಆಡಿದ್ದೆ. ನಿನ್ನ ಗಾಡೀಲಿ ಹೊಗೆ ಬಂದದ್ದು ಅದಕ್ಕೇ, ಮೊಟ್ಟೆಯಿಂದ ಅಲ್ಲ. ಈಗ ಮೂಸಿದ್ದು ಇವನು."

ಅಟ್ಟಕೋರನ ಬಾಯಿಂದ ಹಲ್ಲುಕಡ್ಡಿ ಬಿತ್ತು. ಆ ಬಸುರಿ ಅವನ ತೋಳಿನ ಮೇಲೆ ಬಿದ್ದದ್ದು ಅವನ ಕಣ್ಣ ಮುಂದೆ ಬಂದಿರಬೇಕು. ಅವನು ಈಗ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ಮಾತು ಹೇಳಿದರೆ ಸಾಕು, ನಾಳೆಯಿಂದ ಬಿರಾಗೊಳ ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಲ್ಲುವುದಿಲ್ಲ. ಅವಳು ಓಡಿಹೋಗಲಿಲ್ಲ, ಅಳಲಿಲ್ಲ. ಕೈಯ ಕರಿ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅಟ್ಟಕೋರ ನಿಧಾನವಾಗಿ ಅಜೆಕುಮ್ ಕಡೆ ತಿರುಗಿದ.

ಅಜೆಕುಮ್ ಈಗ ತನ್ನ ನಿಜವಾದ ಗಂಟಲು ತೆಗೆದ.

"ಈ ಸಾಲಿನಲ್ಲಿ ಯಾರನ್ನ ಬೇಕಾದ್ರೂ ಕೇಳು. ಮದುವೆ ಆದ ದಿನದಿಂದ ಇವತ್ತಿನವರೆಗೂ ನಾನು ಈ ಹೆಂಗಸಿನ ಬಗ್ಗೆ ಒಂದು ಒಳ್ಳೆ ಮಾತು ಆಡಿದವನಲ್ಲ. ಇವತ್ತು ಆಡ್ತೀನಿ, ಕೇಳಿಸ್ಕೊ. ವಾಸನೆ ಇಲ್ಲ. ಒಂಚೂರೂ ಇಲ್ಲ. ಇವಳ ಥರ ಮುಚ್ಚೋರು ಕುಮಾಸೀಲಿ ಇನ್ನೊಬ್ರಿಲ್ಲ."

ಯಾರೋ ನಕ್ಕರು. ಪೋಕುವಾ ಮೊದಲು ಅಂತ ಕಾಣುತ್ತದೆ. ಆಮೇಲೆ ಎಲ್ಲರೂ. ಅಟ್ಟಕೋರ ನಗಲಿಲ್ಲ. ಸುತ್ತ ನೋಡಿದ. ಟೈರಿನವನು ತಲೆಯಾಡಿಸಿದ, ನಾನೂ ಆಡಿಸಿದೆ. ಅಜೆಕುಮ್ ಅವಳನ್ನು ಯಾವತ್ತೂ ಹೊಗಳಿದವನಲ್ಲ ಎಂಬುದಕ್ಕೆ ಇಡೀ ಸಾಲೇ ಸಾಕ್ಷಿ. ಅಟ್ಟಕೋರ ಬ್ಯಾಟರಿ ಕೂರಿಸಿಕೊಂಡ, ಸೀಟಿಗೆ ಹತ್ತಿದ. ಎಂಜಿನ್ನು ಶುರು ಮಾಡಿದ. ಆಮೇಲೆ ಎಡಗಡೆಯ ಗಾಜು ಏರಿಸಿದ, ಅತ್ತ ಬಗ್ಗಿ ಬಲಗಡೆಯದನ್ನೂ ಏರಿಸಿದ. ಎರಡೂ ಗಾಜು ಮುಚ್ಚಿಕೊಂಡೇ ಬಿಸಿಲಿನಲ್ಲಿ ಗಾಡಿ ತಿರುಗಿಸಿ ಹೊರಟುಹೋದ.

ಜನ ಚದುರಿದರು. ಬಿರಾಗೊ ವ್ಯಾನು ಹೋದ ದಾರಿಯನ್ನು ಸ್ವಲ್ಪ ಹೊತ್ತು ನೋಡಿ, ಅಜೆಕುಮ್ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಕೆಂಡ ಆರಿದ್ದರಿಂದ ಮೀನಿನ ಹೊಗೆ ಅಂತ ಹೇಳಿಕೊಳ್ಳುವಂತೆಯೂ ಇರಲಿಲ್ಲ.

"ಇನ್ನೊಂದ್ಸಲ ಹೇಳು," ಅಂದಳು.

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನ."

"ನನಗೆ ಕಿವಿ ಕೇಳಲ್ಲ," ಅಂದು ಅವನು ಅವಳ ಬೆಂಚಿನ ಮೇಲೆ ಕೂತುಕೊಂಡ. ಮುಂದಿನ ಗಾಡಿ ಯಾವುದು ಅಂತ ಕೇಳಿದ.